46 ಜಿಬಿ ಇಳಿಯಲು ಎಷ್ಟು ಹೊತ್ತು? ಡೌನ್‌ಲೋಡ್ ಸಮಯವನ್ನು ಅಂದಾಜು ಮಾಡುವ ಬಗೆ

ಮಗಳ ಮದುವೆ ಮುಗಿದು ಎರಡು ತಿಂಗಳಾದ ಮೇಲೆ ಸಾಗರದಲ್ಲಿರುವ ನಮ್ಮ ಭಾವನವರಿಗೆ ಫೋಟೊಗ್ರಾಫರ್ ಒಂದು ಲಿಂಕ್ ಕಳುಹಿಸಿದರು. ಫೋಟೊ, ವಿಡಿಯೊ ಎಲ್ಲ ಸೇರಿ ಅದರಲ್ಲಿ 46 ಜಿಬಿ ಇತ್ತು. ಲಿಂಕ್ ಏಳು ದಿನ ಮಾತ್ರ ತೆರೆದಿರುತ್ತದೆ ಎಂಬ ಸೂಚನೆಯೂ ಜೊತೆಗಿತ್ತು. ರಾತ್ರಿ ಎಂಟಕ್ಕೆ ಡೌನ್‌ಲೋಡ್ ಒತ್ತಿ, ಊಟ ಮುಗಿಸಿ ಬಂದು ಪರದೆ ನೋಡಿದವರು ನನಗೆ ಫೋನ್ ಮಾಡಿದರು. “ನಲವತ್ತು ಎಂಬಿ ಸ್ಪೀಡ್ ಅಂತ ತಿಂಗಳು ತಿಂಗಳು ದುಡ್ಡು ಕಟ್ತೀನಿ ಮಾರಾಯ. ನಲವತ್ತಾರು ಜಿಬಿ ಅಂದ್ರೆ ಇಪ್ಪತ್ತು ನಿಮಿಷಕ್ಕೆ ಮುಗೀಬೇಕಲ್ಲ? ಇಲ್ಲಿ ನೋಡಿದ್ರೆ ಏಳು ಗಂಟೆ ಅಂತ ತೋರಿಸ್ತಿದೆ.”

ಅವರ ಭಾಗಾಕಾರ ತಪ್ಪಿರಲಿಲ್ಲ. 46,000 ಎಂಬಿಯನ್ನು 40ರಿಂದ ಭಾಗಿಸಿದರೆ 1,150 ಸೆಕೆಂಡ್, ಅಂದರೆ 19 ನಿಮಿಷ 10 ಸೆಕೆಂಡ್ ಬರುತ್ತದೆ. ತಪ್ಪಿದ್ದು ಅಳತೆಯ ಮಾನದಲ್ಲಿ. ಪಾವಿನಲ್ಲಿ ಅಳೆದದ್ದನ್ನು ಸೇರಿನ ಲೆಕ್ಕಕ್ಕೆ ಬರೆದುಕೊಂಡ ಹಾಗಾಗಿತ್ತು. ಹಾಗೆಂದು ಪರದೆ ತೋರಿಸುತ್ತಿದ್ದ ಏಳು ಗಂಟೆಯೂ ಸರಿಯಾದ ಉತ್ತರವಾಗಿರಲಿಲ್ಲ. ಆ ಸಂಪರ್ಕದಲ್ಲಿ ಅಷ್ಟು ದತ್ತಾಂಶ ಹೆಚ್ಚುಕಡಿಮೆ ಮೂರು ಗಂಟೆಯಲ್ಲಿ ಇಳಿಯಬೇಕಿತ್ತು, ಕೊನೆಗೆ ಇಳಿಯಿತು ಕೂಡ. ಈ ಇಪ್ಪತ್ತು ನಿಮಿಷ, ಏಳು ಗಂಟೆ ಮತ್ತು ಮೂರು ಗಂಟೆಗಳ ನಡುವಿನ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ, ಯಾವ ಕಡತಕ್ಕಾದರೂ ಕಾಗದ ಪೆನ್ಸಿಲ್ ಇಲ್ಲದೆಯೇ ಸಮಯ ಹೇಳಬಹುದು.

ಒಂದೇ ‘ಎಂಬಿ’, ಎರಡು ಅರ್ಥ

ಇಂಟರ್‌ನೆಟ್ ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ. ಕಡತದ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ತಂತಿಯ ಮೇಲೆ ಒಂದರ ಹಿಂದೊಂದು ಸಾಗುವ ಸಂಕೇತಗಳನ್ನು ಎಣಿಸಿ ಅಭ್ಯಾಸವಾಗಿದ್ದ ದೂರಸಂಪರ್ಕದವರು ಬಿಟ್ ಲೆಕ್ಕವನ್ನು ಉಳಿಸಿಕೊಂಡರು, ಅಕ್ಷರಗಳನ್ನು ಕೂಡಿಡುವ ಕೆಲಸ ಮಾಡುತ್ತಿದ್ದ ಕಂಪ್ಯೂಟರಿನವರು ಬೈಟ್ ಲೆಕ್ಕ ಹಿಡಿದರು. ಇದರಲ್ಲಿ ಮೋಸವೇನೂ ಇಲ್ಲ. ಎಂಟು ಪಟ್ಟು ದೊಡ್ಡದಾಗಿ ಕಾಣುವ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕಲು ಯಾರೂ ಬೇಸರಪಟ್ಟುಕೊಂಡಿಲ್ಲ ಎಂಬುದೂ ಅಷ್ಟೇ ನಿಜ.

ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್‌ಗೆ ಸಣ್ಣ ‘ಬಿ’, ಬೈಟ್‌ಗೆ ದೊಡ್ಡ ‘ಬಿ’ ಬಳಸಿ ಎರಡನ್ನೂ ಬೇರೆ ಮಾಡುತ್ತಾರೆ. ಕನ್ನಡ ಲಿಪಿಯಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎಂಬ ಭೇದವೇ ಇಲ್ಲದಿರುವುದರಿಂದ ಎರಡೂ ‘ಎಂಬಿ’ ಎಂದೇ ಆಗುತ್ತವೆ. ಮಾತಿನಲ್ಲಂತೂ ‘ನೂರು ಎಂಬಿ ಪ್ಲಾನ್’ ಮತ್ತು ‘ನೂರು ಎಂಬಿ ವಿಡಿಯೊ’ ಒಂದೇ ಅಳತೆಯವು ಎಂಬಂತೆ ಕೇಳಿಸುತ್ತವೆ. ಭಾವನವರು ಎಡವಿದ್ದು ಇಲ್ಲಿಯೇ. ಆದ್ದರಿಂದ ಈ ಲೇಖನದುದ್ದಕ್ಕೂ ‘ಎಂಬಿಪಿಎಸ್’ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದೂ, ಬರಿಯ ‘ಎಂಬಿ’ ಅಥವಾ ‘ಜಿಬಿ’ ಎಂದರೆ ಬೈಟ್‌ಗಳ ಲೆಕ್ಕವೆಂದೂ ತಿಳಿಯಬೇಕು. 40 ಎಂಬಿಪಿಎಸ್ ಸಂಪರ್ಕ, ಎಲ್ಲವೂ ಸರಿಯಾಗಿದ್ದರೂ, ಸೆಕೆಂಡಿಗೆ 5 ಎಂಬಿಗಿಂತ ಹೆಚ್ಚು ತರಲಾರದು.

ಮೊದಲು ಗಾತ್ರವನ್ನು ಸರಿಯಾಗಿ ಓದಿ

ಅಂದಾಜಿಗೆ ಬೇಕಾದ ಮೊದಲ ಸಂಖ್ಯೆ ಕಡತದ ಗಾತ್ರ. ಇಲ್ಲಿಯೂ ಒಂದು ಸಣ್ಣ ತೊಡಕಿದೆ. ಅಂಗಡಿಯಲ್ಲಿ ಕೊಂಡ 1 ಟಿಬಿ ಹಾರ್ಡ್‌ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ 931 ಜಿಬಿ ಎಂದು ತೋರಿಸುವುದನ್ನು ಹಲವರು ಕಂಡಿರಬಹುದು. ತಯಾರಕರು 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಹಿಡಿಯುತ್ತಾರೆ. ವಿಂಡೋಸ್ 1,024ರ ಗುಣಾಕಾರದಲ್ಲಿ ಹೋಗಿ 107,37,41,824 ಬೈಟ್‌ಗಳನ್ನು 1 ಜಿಬಿ ಎನ್ನುತ್ತದೆ. ಹೀಗಾಗಿ ವಿಂಡೋಸ್ ಹೇಳುವ 1 ಜಿಬಿ ವಾಸ್ತವವಾಗಿ ಸುಮಾರು ಶೇ 7ರಷ್ಟು ದೊಡ್ಡದು. ಒಂದು ಹಾಡು ಇಳಿಸಿಕೊಳ್ಳುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಆದರೆ 46 ಜಿಬಿಯಲ್ಲಿ ಈ ಶೇ 7 ಎಂದರೆ ಮೂರು ಜಿಬಿಗೂ ಹೆಚ್ಚು.

ಗಾತ್ರವನ್ನು ಡೌನ್‌ಲೋಡ್ ಪುಟದಲ್ಲೇ ಬರೆದಿರುವುದುಂಟು. ಇಲ್ಲದಿದ್ದರೆ ಡೌನ್‌ಲೋಡ್ ಆರಂಭಿಸಿ ಕೆಲವು ಸೆಕೆಂಡ್ ಬಿಟ್ಟು ಬ್ರೌಸರಿನ ಡೌನ್‌ಲೋಡ್ ಪಟ್ಟಿಯನ್ನು ನೋಡಿದರೆ ‘ಇಷ್ಟರಲ್ಲಿ ಇಷ್ಟು’ ಎಂದು ಕಾಣಿಸುತ್ತದೆ. ಅಲ್ಲಿ ಒಟ್ಟು ಗಾತ್ರವೇ ಕಾಣದೆ, ಇಳಿದದ್ದು ಮಾತ್ರ ಕಂಡರೆ, ಆ ಕಡತವನ್ನು ಸರ್ವರ್ ಆ ಕ್ಷಣದಲ್ಲೇ ಕಟ್ಟಿ ಕಳುಹಿಸುತ್ತಿದೆ ಎಂದು ಅರ್ಥ. ಆಗ ಬ್ರೌಸರಿಗೂ ಉಳಿದ ಸಮಯವನ್ನು ಹೇಳಲು ಬರುವುದಿಲ್ಲ, ನಿಮಗೂ ಬರುವುದಿಲ್ಲ.

ಆಮೇಲೆ ವೇಗವನ್ನು ಅಳೆಯಿರಿ

ಎರಡನೆಯ ಸಂಖ್ಯೆ ವೇಗ. ಬಿಲ್ಲಿನಲ್ಲಿ ಬರೆದಿರುವುದು ಗರಿಷ್ಠ ಮಿತಿ, ಆ ಹೊತ್ತಿನ ವೇಗವಲ್ಲ. ಅದನ್ನು ತಿಳಿಯಲು ಯಾವುದಾದರೂ ವೇಗ ಪರೀಕ್ಷೆಯ ಪುಟವನ್ನಾಗಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರತಂದಿರುವ ಮೈಸ್ಪೀಡ್ ಆ್ಯಪನ್ನಾಗಲಿ ಬಳಸಬಹುದು. ಆದರೆ ಪರೀಕ್ಷೆಯನ್ನು ಯಾವ ಯಂತ್ರದಲ್ಲಿ ಡೌನ್‌ಲೋಡ್ ಮಾಡುತ್ತೀರೋ ಅದೇ ಯಂತ್ರದಲ್ಲಿ, ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಮಾಡಬೇಕು. ರೌಟರ್ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಅಳೆದ ವೇಗ ಉಪ್ಪರಿಗೆಯ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ. ಬೆಳಗಿನ ಐದು ಗಂಟೆಯ ವೇಗ ರಾತ್ರಿ ಒಂಬತ್ತಕ್ಕೆ ಅನ್ವಯಿಸುವುದಿಲ್ಲ. ವೇಗ ಪರೀಕ್ಷೆಗಳು ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸಿಕೊಂಡು, ಏಕಕಾಲದಲ್ಲಿ ಹಲವು ಸಂಪರ್ಕ ತೆರೆದು ಅಳೆಯುವುದರಿಂದ, ಬರುವ ಫಲಿತಾಂಶವನ್ನು ‘ಇದಕ್ಕಿಂತ ಹೆಚ್ಚು ಬರಲಾರದು’ ಎಂಬ ಅರ್ಥದಲ್ಲಿ ಓದುವುದು ಕ್ಷೇಮ.

ಲೆಕ್ಕ ಮತ್ತು ಹತ್ತರ ಸೂತ್ರ

ಪುಸ್ತಕದ ಲೆಕ್ಕ ಹೀಗಿದೆ: ಗಾತ್ರವನ್ನು ಎಂಬಿಯಲ್ಲಿ ಬರೆದು, 8ರಿಂದ ಗುಣಿಸಿ, ಬಂದದ್ದನ್ನು ಎಂಬಿಪಿಎಸ್ ವೇಗದಿಂದ ಭಾಗಿಸಿದರೆ ಸೆಕೆಂಡ್‌ಗಳು ಸಿಗುತ್ತವೆ. 46,000 ಎಂಬಿಯನ್ನು 8ರಿಂದ ಗುಣಿಸಿದರೆ 3,68,000. ಅದನ್ನು 40ರಿಂದ ಭಾಗಿಸಿದರೆ 9,200 ಸೆಕೆಂಡ್. ಅಂದರೆ 2 ಗಂಟೆ 33 ನಿಮಿಷ 20 ಸೆಕೆಂಡ್.

ಆದರೆ ಇಷ್ಟು ಬೇಗ ಅದು ಎಂದೂ ಇಳಿಯುವುದಿಲ್ಲ. ಇಂಟರ್‌ನೆಟ್‌ನಲ್ಲಿ ಕಡತ ಇಡಿಯಾಗಿ ಬರುವುದಿಲ್ಲ, ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಪ್ರತಿಯೊಂದು ಪ್ಯಾಕೆಟ್‌ನ ಮೇಲೂ ವಿಳಾಸ, ಕ್ರಮಸಂಖ್ಯೆ, ತಪ್ಪು ಹುಡುಕುವ ಗುರುತು ಮುಂತಾದ ಹೊದಿಕೆ ಇರುತ್ತದೆ. ಈಥರ್‌ನೆಟ್ ತಂತಿಯ ಮೇಲೆ ಸಾಮಾನ್ಯವಾಗಿ 1,538 ಬೈಟ್‌ನಷ್ಟು ಜಾಗ ಖರ್ಚಾದಾಗ ನಿಮ್ಮ ಕಡತಕ್ಕೆ ಸೇರಿದ್ದು 1,460 ಬೈಟ್ ಮಾತ್ರ. ಶೇ 5ರಷ್ಟು ಹೊದಿಕೆಗೇ ಹೋಯಿತು. ಇದರ ಜೊತೆಗೆ ಮೊದಲೇ ಹೇಳಿದ ಶೇ 7ರ ಜಿಬಿ ವ್ಯತ್ಯಾಸವನ್ನೂ ಸೇರಿಸಿದರೆ, ಗುಣಕ 8ರಿಂದ 9ಕ್ಕೆ ಏರುತ್ತದೆ. ವೈಫೈ ಏರಿಳಿತ, ಮನೆಯ ಇತರ ಫೋನುಗಳು, ಕಳೆದುಹೋಗಿ ಮತ್ತೆ ಕಳುಹಿಸಬೇಕಾದ ಪ್ಯಾಕೆಟ್‌ಗಳು ಇವುಗಳಿಗೆಂದು ಇನ್ನೊಂದನ್ನು ಇಟ್ಟುಕೊಂಡರೆ ಹತ್ತು.

ಆದ್ದರಿಂದ ನಾನು ಎಂಟರಿಂದ ಲೆಕ್ಕ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಎಂಬಿಪಿಎಸ್ ವೇಗದ ಕೊನೆಯ ಒಂದು ಅಂಕಿಯ ಹಿಂದೆ ಚುಕ್ಕಿ ಇಟ್ಟರೆ, ಅಂದರೆ ಹತ್ತರಿಂದ ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಎಂಬಿ ಕೈಗೆ ಬರುತ್ತದೆ ಎಂಬುದು ತಿಳಿಯುತ್ತದೆ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 4 ಎಂಬಿ, 100 ಎಂದರೆ 10, 300 ಎಂದರೆ 30. ಇದನ್ನೇ ಇನ್ನೊಂದು ರೀತಿಯಲ್ಲಿ ನೆನಪಿಡಬಹುದು: 100 ಎಂಬಿಪಿಎಸ್ ವೇಗದಲ್ಲಿ 1 ಜಿಬಿಗೆ 100 ಸೆಕೆಂಡ್. ವೇಗ ಅರ್ಧವಾದರೆ ಸಮಯ ಎರಡರಷ್ಟು, ಗಾತ್ರ ಮೂರು ಪಟ್ಟಾದರೆ ಸಮಯವೂ ಮೂರು ಪಟ್ಟು. ಭಾವನವರ 46 ಜಿಬಿಗೆ ಈ ಸೂತ್ರ 11,500 ಸೆಕೆಂಡ್ ಕೊಡುತ್ತದೆ, ಅಂದರೆ 3 ಗಂಟೆ 12 ನಿಮಿಷ.

ದೊಡ್ಡ ಕಡತಗಳಿಗೆ ಗಂಟೆಯ ಲೆಕ್ಕ ಇನ್ನೂ ಅನುಕೂಲ. ಗಂಟೆಗೆ 3,600 ಸೆಕೆಂಡ್ ಇರುವುದರಿಂದ, 10 ಎಂಬಿಪಿಎಸ್ ಸಂಪರ್ಕ ಗಂಟೆಗೆ 3.6 ಜಿಬಿ ತರುತ್ತದೆ, 40 ಎಂಬಿಪಿಎಸ್ 14.4 ಜಿಬಿ, 100 ಎಂಬಿಪಿಎಸ್ 36 ಜಿಬಿ. ಎಂಬಿಪಿಎಸ್‌ನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಎಂದು ಹಿಡಿದರೆ ಸಾಕು. ರಾತ್ರಿ ಹತ್ತಕ್ಕೆ ಹಚ್ಚಿಟ್ಟು ಬೆಳಿಗ್ಗೆ ಆರಕ್ಕೆ ಏಳುವವರಿಗೆ 10 ಎಂಬಿಪಿಎಸ್‌ನಲ್ಲಿ ಸುಮಾರು 29 ಜಿಬಿ ಸಿಗುತ್ತದೆ ಎಂಬುದು ಇದರಿಂದ ತಕ್ಷಣ ಹೊಳೆಯುತ್ತದೆ.

ವೇಗದ ಸಂಖ್ಯೆಗಳು ಬರಿಯ ಸಂಖ್ಯೆಗಳಾಗಿ ಉಳಿಯದಿರಲು ಒಂದೇ 1 ಜಿಬಿ ಕಡತವನ್ನು ಕಾಲದಿಂದ ಕಾಲಕ್ಕೆ ಒಯ್ದು ನೋಡುವುದು ಒಳ್ಳೆಯದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಆಮೇಲಿನ ವರ್ಷಗಳಲ್ಲಿ ಮನೆಮನೆಯ ಫೋನ್ ಲೈನಿಗೆ ಬಂದ, ಕೀರಲು ಧ್ವನಿಯ 56 ಕೆಬಿಪಿಎಸ್ (ಸೆಕೆಂಡಿಗೆ 56 ಸಾವಿರ ಬಿಟ್) ಮೋಡೆಮ್‌ನಲ್ಲಿ ಈ ಕಡತ, ಹೊದಿಕೆಯ ನಷ್ಟ ಬಿಟ್ಟು ಬರಿಯ ಎಂಟರ ಲೆಕ್ಕದಲ್ಲೇ, ಸುಮಾರು 40 ಗಂಟೆ ಹಿಡಿಯುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದು ಎಂದಿತು. ಆ ವೇಗದಲ್ಲಿ 8 ಗಂಟೆ 41 ನಿಮಿಷ. 2023ರಲ್ಲಿ ಕೇಂದ್ರ ಸರ್ಕಾರ ಆ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಅದರಲ್ಲಿ 1 ಗಂಟೆ 7 ನಿಮಿಷ. ಅದೇ ಎಂಟರ ಲೆಕ್ಕದಲ್ಲಿ ಈಗ 40 ಎಂಬಿಪಿಎಸ್‌ನಲ್ಲಿ 3 ನಿಮಿಷ 20 ಸೆಕೆಂಡ್, 100ರಲ್ಲಿ 80 ಸೆಕೆಂಡ್, 300ರಲ್ಲಿ 27 ಸೆಕೆಂಡ್. ಬ್ರಾಡ್‌ಬ್ಯಾಂಡ್ ಎಂಬ ಮಾತಿನ ಕಾನೂನುಬದ್ಧ ಅರ್ಥಕ್ಕೆ ಸರಿಹೊಂದುವ ಸಂಪರ್ಕದಲ್ಲೂ ಮದುವೆಯ 46 ಜಿಬಿ ಇಳಿಯಲು ಎರಡು ದಿನ ಮೂರು ಗಂಟೆ ಬೇಕು ಎಂಬುದನ್ನು ಪ್ಲಾನ್ ಆರಿಸುವಾಗ ನೆನಪಿಡಬೇಕು.

ದಾರಿಯಲ್ಲಿ ಇಕ್ಕಟ್ಟು ಎಲ್ಲಿದೆ?

ಹತ್ತರ ಸೂತ್ರ ಹೇಳಿದ ಸಮಯಕ್ಕೂ ಪರದೆ ತೋರಿಸುವ ಸಮಯಕ್ಕೂ ಎರಡು ಮೂರು ಪಟ್ಟು ವ್ಯತ್ಯಾಸ ಕಂಡರೆ, ತಪ್ಪು ಸೂತ್ರದಲ್ಲಿಲ್ಲ, ದಾರಿಯಲ್ಲಿದೆ. ಕಡತ ಸರ್ವರಿನಿಂದ ಹೊರಟು ನಿಮ್ಮ ಡಿಸ್ಕ್ ಸೇರುವವರೆಗೆ ಏಳೆಂಟು ಕಡೆ ಹಾದು ಬರುತ್ತದೆ. ತೋಟಕ್ಕೆ ಹಾಕಿದ ಪೈಪಿನಲ್ಲಿ ಎಲ್ಲಿ ಕಿರಿದಾದ ಜೋಡಣೆ ಇದೆಯೋ ಅಲ್ಲಿಯ ನೀರಷ್ಟೇ ಕೊನೆಗೆ ಬರುವ ಹಾಗೆ, ಇಲ್ಲಿಯೂ ಅತ್ಯಂತ ಇಕ್ಕಟ್ಟಿನ ಜಾಗದ ವೇಗವೇ ಒಟ್ಟು ವೇಗ. ಸೂತ್ರಕ್ಕೆ ಹಾಕಬೇಕಾದ ಸಂಖ್ಯೆ ಅದು.

ಮನೆಯೊಳಗಿನ ಇಕ್ಕಟ್ಟನ್ನು ಮೊದಲು ಹುಡುಕುವುದು ಜಾಣತನ, ಏಕೆಂದರೆ ಅದನ್ನು ಮಾತ್ರ ನೀವೇ ಸರಿಪಡಿಸಬಹುದು. ಭಾವನವರ ಮನೆಯದು ದಪ್ಪ ಜಂಬಿಟ್ಟಿಗೆ ಗೋಡೆ. ರೌಟರ್ ಜಗುಲಿಯಲ್ಲಿದೆ, ಕಂಪ್ಯೂಟರ್ ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿದೆ. ನಡುವೆ ಎರಡು ಗೋಡೆ, ಒಂದು ಮಹಡಿ. ವೈಫೈನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಿದ್ದು, ಮೊದಲನೆಯದು ಗೋಡೆಗಳನ್ನು ದಾಟುವುದರಲ್ಲಿ ಮುಂದು, ವೇಗದಲ್ಲಿ ಹಿಂದು. ಎರಡನೆಯದು ಅದಕ್ಕೆ ತದ್ವಿರುದ್ಧ. ಪೆಟ್ಟಿಗೆಯ ಮೇಲೆ ‘300’ ಎಂದು ಬರೆದ ಹಳೆಯ ಒಂದೇ ಪಟ್ಟಿಯ ರೌಟರ್ ಆ ವೇಗವನ್ನು ಎದುರಿಗೆ ಕುಳಿತ ಫೋನಿಗೂ ಕೊಡುವುದಿಲ್ಲ. ನಾನು ಅವರಿಗೆ ಮೊದಲು ಹೇಳಿದ್ದು ಕಂಪ್ಯೂಟರನ್ನು ಕೆಳಗೆ ತಂದು ತಂತಿ ಚುಚ್ಚಿ ನೋಡಿ ಎಂದು.

ತಂತಿಯಲ್ಲೂ ಒಂದು ಗುಟ್ಟಿದೆ. ರೌಟರಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ, ಪ್ಲಾನ್ 300ರದ್ದಾದರೂ ಕಂಪ್ಯೂಟರಿಗೆ ಬರುವುದು 94ರ ಆಸುಪಾಸು ಮಾತ್ರ. ಇನ್ನೂ ವಿಚಿತ್ರವೆಂದರೆ, ಪೋರ್ಟ್ ಗಿಗಾಬಿಟ್‌ನದ್ದೇ, ಅಂದರೆ 1,000 ಎಂಬಿಪಿಎಸ್‌ನದ್ದೇ, ಆಗಿದ್ದರೂ ಹೀಗಾಗಬಹುದು. ಲ್ಯಾನ್ ಕೇಬಲ್ಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಇಲಿ ಒಂದು ಎಳೆಯನ್ನು ಕಚ್ಚಿದ್ದರೆ ಅಥವಾ ತುದಿಯ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೆ ಸಂಪರ್ಕ ಕಡಿದುಹೋಗದೆ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ವೇಗ ಪರೀಕ್ಷೆಯಲ್ಲಿ ಪದೇ ಪದೇ 93, 94, 95 ಎಂಬ ಸಂಖ್ಯೆಗಳೇ ಬರುತ್ತಿದ್ದರೆ ಸೇವಾದಾರರಿಗೆ ಫೋನ್ ಮಾಡುವ ಮೊದಲು ಕೇಬಲ್ ಬದಲಾಯಿಸಿ ನೋಡುವುದು ಒಳ್ಳೆಯದು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ಸ್ಪೀಡ್’ ಎಂಬಲ್ಲಿ 100 ಇದೆಯೋ 1000 ಇದೆಯೋ ಎಂಬುದನ್ನು ನೋಡಿದರೂ ತಿಳಿಯುತ್ತದೆ.

ಮನೆಯಾಚೆ ಹೋದರೆ ಮೊದಲು ಸಿಗುವುದು ಕಂಬದ ಮೇಲಿನ ಫೈಬರ್. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆ ಸೆಕೆಂಡಿಗೆ 2.488 ಗಿಗಾಬಿಟ್‌ಗಳನ್ನು ಕೆಳಮುಖವಾಗಿ ಹೊತ್ತು ತರುತ್ತದೆ. ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆ ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. 64 ಮನೆಯವರೂ ಒಟ್ಟಿಗೆ ಗರಿಷ್ಠ ವೇಗ ಬೇಡಿದರೆ ಒಬ್ಬೊಬ್ಬರಿಗೆ ಬರುವುದು 39 ಎಂಬಿಪಿಎಸ್ ಮಾತ್ರ. ಹಾಗೆ ಎಲ್ಲರೂ ಒಟ್ಟಿಗೆ ಬೇಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ 100, 200, 300ರ ಪ್ಲಾನ್‌ಗಳು ಮಾರಾಟವಾಗುತ್ತವೆ, ಮತ್ತು ಹಗಲಿನಲ್ಲಿ ಆ ನಂಬಿಕೆ ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. ಊಟದ ಹೊತ್ತಿನ ನಂತರ, ಕ್ರಿಕೆಟ್ ಪಂದ್ಯದ ದಿನ, ಕೇರಿಯವರೆಲ್ಲ ಪರದೆ ಮುಂದೆ ಕುಳಿತಾಗ ಅಷ್ಟು ನೆಚ್ಚಿಕೊಳ್ಳಲಾಗದು. ಮೊಬೈಲ್ ಟವರಿಗೂ ಇದೇ ಮಾತು ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತದೆ. ಆದ್ದರಿಂದ ಮೊಬೈಲ್ ಡೇಟಾದಲ್ಲಿ ಅಂದಾಜು ಮಾಡುವಾಗ ಒಂದೇ ಪರೀಕ್ಷೆಯನ್ನು ನಂಬದೆ, ಐದು ನಿಮಿಷದ ಅಂತರದಲ್ಲಿ ಮೂರು ಸಲ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯುವುದು ನನ್ನ ರೂಢಿ.

ಕಡತ ಇರುವ ಸರ್ವರ್ ದೂರದ್ದಾದರೆ ಅದೂ ಒಂದು ಇಕ್ಕಟ್ಟು. ಭಾರತದ ಅಂತರರಾಷ್ಟ್ರೀಯ ಸಮುದ್ರತಳ ಕೇಬಲ್‌ಗಳಲ್ಲಿ ಬಹುಪಾಲು ಮುಂಬೈ ಮತ್ತು ಚೆನ್ನೈನಲ್ಲಿ ದಡ ಸೇರುತ್ತವೆ. ಬೆಂಗಳೂರಿನಿಂದ ಅಮೆರಿಕದ ಸರ್ವರಿಗೆ ಒಂದು ಸಂದೇಶ ಹೋಗಿ ಉತ್ತರ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಕಳುಹಿಸುವ ಸರ್ವರ್ ಸ್ವಲ್ಪ ಕಳುಹಿಸಿ, ‘ತಲುಪಿತು’ ಎಂಬ ಉತ್ತರಕ್ಕೆ ಕಾದು, ಮತ್ತಷ್ಟು ಕಳುಹಿಸುತ್ತದೆ. ಈ ‘ಸ್ವಲ್ಪ’ದ ಹಳೆಯ ಮಿತಿ 65,535 ಬೈಟ್ ಆಗಿತ್ತು, ಆ ಮಿತಿಯಲ್ಲಿ 250 ಮಿಲಿಸೆಕೆಂಡ್ ದೂರದ ಸರ್ವರಿನಿಂದ, ನಿಮ್ಮ ಪ್ಲಾನ್ ಯಾವುದೇ ಇರಲಿ, 2.1 ಎಂಬಿಪಿಎಸ್‌ಗಿಂತ ಹೆಚ್ಚು ಬರಲು ಸಾಧ್ಯವೇ ಇರಲಿಲ್ಲ. ಇಂದಿನ ವ್ಯವಸ್ಥೆಗಳು ಆ ಮಿತಿಯನ್ನು ದಾಟಿವೆಯಾದರೂ ನಡುವೆ ಪ್ಯಾಕೆಟ್ ಕಳೆದುಹೋದಾಗಲೆಲ್ಲ ವೇಗ ತಗ್ಗಿ ನಿಧಾನವಾಗಿ ಏರುವುದು ತಪ್ಪಿಲ್ಲ. ಒಂದೇ ಕಡತವನ್ನು ನಾಲ್ಕಾರು ತುಂಡು ಮಾಡಿ ಒಟ್ಟಿಗೆ ಎಳೆಯುವ ಡೌನ್‌ಲೋಡ್ ಮ್ಯಾನೇಜರ್‌ಗಳು ಇಂಥಲ್ಲಿ ಪ್ರಯೋಜನಕ್ಕೆ ಬರುತ್ತವೆ. ಹತ್ತಿರದ ನಕಲು ಸರ್ವರ್ ಇದ್ದರೆ ಅದನ್ನು ಆರಿಸಿಕೊಳ್ಳುವುದು ಅದಕ್ಕಿಂತಲೂ ಒಳ್ಳೆಯದು.

ಕೊನೆಯ ಇಕ್ಕಟ್ಟು ಡಿಸ್ಕ್. ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಡಿ. ಹಳೆಯ ಪೆನ್‌ಡ್ರೈವ್‌ಗಳು ಸೆಕೆಂಡಿಗೆ 10 ಎಂಬಿಗಿಂತಲೂ ನಿಧಾನವಾಗಿ ಬರೆಯುವುದುಂಟು, ಆಗ 300 ಎಂಬಿಪಿಎಸ್ ಪ್ಲಾನಿನ ಮುಕ್ಕಾಲು ಭಾಗ ವ್ಯರ್ಥ. ಅದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಒಪ್ಪುವುದೇ ಇಲ್ಲ; ಒಂದು ಗಂಟೆ ಕಾದ ಮೇಲೆ ಬರುವ ಆ ದೋಷ ಸಂದೇಶ ತುಂಬಾ ಸಿಟ್ಟು ತರಿಸುತ್ತದೆ.

ಐದು ನಿಮಿಷದ ಪರೀಕ್ಷೆ

ಬ್ರೌಸರ್ ತೋರಿಸುವ ‘ಉಳಿದ ಸಮಯ’ ಕ್ಷಣಕ್ಕೊಂದು ಹೇಳುವುದಕ್ಕೆ ಕಾರಣ, ಅದು ಇತ್ತೀಚಿನ ಕೆಲವೇ ಸೆಕೆಂಡುಗಳ ವೇಗವನ್ನು ನೋಡಿ ಉಳಿದದ್ದೆಲ್ಲವೂ ಅದೇ ವೇಗದಲ್ಲಿ ಬರುತ್ತದೆ ಎಂದು ಊಹಿಸುತ್ತದೆ. ಅದಕ್ಕಿಂತ ಕೈಲೆಕ್ಕವೇ ಮೇಲು. ಡೌನ್‌ಲೋಡ್ ಆರಂಭವಾಗಿ ಒಂದು ನಿಮಿಷ ಬಿಟ್ಟು, ಅಲ್ಲಿಯವರೆಗೆ ಎಷ್ಟು ಎಂಬಿ ಇಳಿದಿದೆ ಎಂದು ಬರೆದುಕೊಳ್ಳಿ. ಸರಿಯಾಗಿ ಐದು ನಿಮಿಷದ ನಂತರ ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು 300ರಿಂದ ಭಾಗಿಸಿದರೆ ಸೆಕೆಂಡಿಗೆ ಬರುತ್ತಿರುವ ನಿಜವಾದ ಎಂಬಿ ಸಿಗುತ್ತದೆ.

ಆ ರಾತ್ರಿ ಭಾವನವರು ಫೋನನ್ನು ಸ್ಪೀಕರಿಗೆ ಹಾಕಿ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಇದನ್ನು ಬರೆದರು. ಉಪ್ಪರಿಗೆಯಲ್ಲಿ ವೈಫೈ ಮೇಲೆ ಐದು ನಿಮಿಷಕ್ಕೆ ಇಳಿದದ್ದು 540 ಎಂಬಿ. ಅಂದರೆ ಸೆಕೆಂಡಿಗೆ 1.8 ಎಂಬಿ, ಆ ದರದಲ್ಲಿ 46 ಜಿಬಿಗೆ ಏಳು ಗಂಟೆ ಆರು ನಿಮಿಷ. ಪರದೆ ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರನ್ನು ಜಗುಲಿಗೆ ಇಳಿಸಿ, ರೌಟರಿಗೆ ಕೇಬಲ್ ಚುಚ್ಚಿ ಮತ್ತೆ ಅಳೆದಾಗ ಐದು ನಿಮಿಷಕ್ಕೆ 1,350 ಎಂಬಿ ಬಂತು. ಸೆಕೆಂಡಿಗೆ 4.5 ಎಂಬಿ. ಅದನ್ನು 8ರಿಂದ ಗುಣಿಸಿದರೆ 36 ಎಂಬಿಪಿಎಸ್. 40ರ ಪ್ಲಾನಿಗೆ, ಹೊದಿಕೆಯ ನಷ್ಟವನ್ನು ಕಳೆದು, ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಉಳಿದ ಸಮಯ ಎರಡು ಗಂಟೆ ಐವತ್ತು ನಿಮಿಷ ಎಂದು ನಾನು ಹೇಳಿದೆ. “ಹಂಗಾದ್ರೆ ಕಂಪನಿಯವರಿಗೆ ಬೈಯೋದು ಬೇಡ ಅಂತೀಯ,” ಎಂದರು ಅವರು, ಸ್ವಲ್ಪ ನಿರಾಸೆಯಿಂದಲೇ.

ಇಲ್ಲಿ ಮಳೆಗಾಲದ ಒಂದು ಮಾತು ಸೇರಿಸಬೇಕು. ಮೂರು ಗಂಟೆಯ ಡೌನ್‌ಲೋಡಿನ ನಡುವೆ ಕರೆಂಟ್ ಹೋದರೆ ಅಂದಾಜಿನ ಕತೆ ಏನು ಎಂಬುದು ಸರ್ವರಿನ ಮೇಲೆ ಅವಲಂಬಿಸಿದೆ. ಕಡತದ ‘ಇಷ್ಟನೇ ಬೈಟಿನಿಂದ ಮುಂದಕ್ಕೆ ಕೊಡು’ ಎಂಬ ಕೋರಿಕೆಯನ್ನು ಒಪ್ಪುವ ಸರ್ವರ್ ಆದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಒಪ್ಪದಿದ್ದರೆ ಮೊದಲಿನಿಂದ ಶುರು. ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ಸಾಲದು, ರೌಟರಿಗೂ ಇರಬೇಕು. ರೌಟರಿಗೆಂದೇ ಸಿಗುವ ಅಂಗೈಯಗಲದ ಮಿನಿ ಯುಪಿಎಸ್ ಮಲೆನಾಡಿನಲ್ಲಿ ವೇಗದ ಪ್ಲಾನಿಗಿಂತ ಹೆಚ್ಚು ಸಮಯ ಉಳಿಸುತ್ತದೆ ಎಂಬುದು ನನ್ನ ಅನುಭವ.

ಡೇಟಾ ಮಿತಿ ಎಂಬ ಇನ್ನೊಂದು ಗಡಿಯಾರ

ಮೊಬೈಲ್ ಪ್ಲಾನಿನಲ್ಲಿ ದೊಡ್ಡ ಕಡತ ಇಳಿಸುವವರಿಗೆ ವೇಗಕ್ಕಿಂತ ಮಿತಿಯೇ ಮುಖ್ಯ. ದಿನಕ್ಕೆ 1.5 ಜಿಬಿ ಎಂಬ ಪ್ಲಾನಿನ ಆ ದಿನದ ಪಾಲು, ಬರಿಯ ಎಂಟರ ಲೆಕ್ಕದಲ್ಲಿ, 10 ಎಂಬಿಪಿಎಸ್‌ನಲ್ಲಿ 20 ನಿಮಿಷಕ್ಕೆ ಮುಗಿಯುತ್ತದೆ, 200 ಎಂಬಿಪಿಎಸ್‌ನ 5ಜಿಯಲ್ಲಿ ಒಂದೇ ನಿಮಿಷಕ್ಕೆ. ಆಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದು ಸೆಕೆಂಡಿಗೆ 8 ಕೆಬಿ. ಗಂಟೆಗೆ 29 ಎಂಬಿ. 1 ಜಿಬಿಗೆ 34 ಗಂಟೆ 43 ನಿಮಿಷ. ಇನ್ನೂರರ ವೇಗ ಪರೀಕ್ಷೆ ತೋರಿಸಿದ ಫೋನಿನಲ್ಲಿ 2 ಜಿಬಿ ಕಡತ ಮರುದಿನದವರೆಗೂ ಇಳಿಯದಿರುವುದಕ್ಕೆ ಇದೇ ಕಾರಣ. 46 ಜಿಬಿಯನ್ನು ದಿನಕ್ಕೆ ಒಂದೂವರೆ ಜಿಬಿಯಂತೆ ಇಳಿಸಿದರೆ 31 ದಿನ ಬೇಕು. ಏಳು ದಿನದ ಲಿಂಕಿಗೆ ಅದು ಆಗುವ ಮಾತಲ್ಲ. ಮನೆಯ ಫೈಬರ್ ಪ್ಲಾನ್‌ಗಳಲ್ಲೂ ತಿಂಗಳ ಮಿತಿ ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಪ್ಲಾನಿನ ವಿವರದಲ್ಲಿ ಓದಿಟ್ಟುಕೊಂಡಿರಬೇಕು.

ಏರಿಸುವ ವೇಗ ಇಳಿಸುವ ವೇಗಕ್ಕಿಂತ ಕಡಿಮೆ ಇರಬಹುದು ಎಂಬುದನ್ನೂ ಮರೆಯಬಾರದು. ಫೋಟೊಗ್ರಾಫರ್ ಅವರ ಕಡೆ ಅಪ್‌ಲೋಡ್ 10 ಎಂಬಿಪಿಎಸ್ ಇದ್ದಿದ್ದರೆ ಹತ್ತರ ಸೂತ್ರದ ಪ್ರಕಾರ ಅದೇ 46 ಜಿಬಿಯನ್ನು ಏರಿಸಲು ಅವರಿಗೆ 12 ಗಂಟೆ 47 ನಿಮಿಷ ಹಿಡಿದಿರುತ್ತದೆ. ಎರಡು ತಿಂಗಳ ವಿಳಂಬಕ್ಕೆ ಅದು ಕಾರಣವಲ್ಲ, ಅದು ಬೇರೆ ಮಾತು.

ಸಾವಿರ ಸಣ್ಣ ಕಡತಗಳು ಮತ್ತು ಜಿಪ್

ಒಟ್ಟು ಗಾತ್ರ ಒಂದೇ ಆದರೂ ಒಂದು ದೊಡ್ಡ ಕಡತ ಮತ್ತು ಐದು ಸಾವಿರ ಸಣ್ಣ ಕಡತಗಳು ಒಂದೇ ಸಮಯ ತೆಗೆದುಕೊಳ್ಳುವುದಿಲ್ಲ. ತಲಾ 5 ಎಂಬಿಯ 5,000 ಫೋಟೊಗಳು 25 ಜಿಬಿ ಆಗುತ್ತವೆ; 100 ಎಂಬಿಪಿಎಸ್‌ನಲ್ಲಿ ಸೂತ್ರದ ಪ್ರಕಾರ 2,500 ಸೆಕೆಂಡ್. ಆದರೆ ಒಂದೊಂದನ್ನೇ ಇಳಿಸುವಾಗ ಪ್ರತಿ ಫೋಟೊಗೂ ಕೋರಿಕೆ, ಉತ್ತರ, ಆರಂಭದ ನಿಧಾನಗತಿ ಎಂದು ಅರ್ಧ ಸೆಕೆಂಡ್ ಹೋದರೂ ಇನ್ನೂ 2,500 ಸೆಕೆಂಡ್ ಸೇರಿ ಸಮಯ ಎರಡರಷ್ಟಾಗುತ್ತದೆ. ಇದಕ್ಕಾಗಿಯೇ ಸಂಗ್ರಹ ಸೇವೆಗಳು ಇಡೀ ಫೋಲ್ಡರನ್ನು ಜಿಪ್ ಮಾಡಿ ಕೊಡುತ್ತವೆ. ಫೋಟೊ, ವಿಡಿಯೊಗಳು ಮೊದಲೇ ಕುಗ್ಗಿಸಿದ ಕಡತಗಳಾದ್ದರಿಂದ ಜಿಪ್ ಮಾಡಿದರೂ ಗಾತ್ರ ಇಳಿಯುವುದಿಲ್ಲ, ಕೋರಿಕೆಗಳ ಸಂಖ್ಯೆ ಮಾತ್ರ ಇಳಿಯುತ್ತದೆ.

ಭಾವನವರಿಗೆ ಬಂದದ್ದು ತಲಾ 2 ಜಿಬಿಯ 23 ಜಿಪ್‌ಗಳು. ರಾತ್ರಿ ಹತ್ತೂ ಐದಕ್ಕೆ ಆರಂಭವಾದ ಡೌನ್‌ಲೋಡ್ ಒಂದು ಗಂಟೆಗೆ ಕೆಲವು ನಿಮಿಷ ಮೊದಲೇ ಮುಗಿದಿತ್ತು ಎಂದು ಬೆಳಿಗ್ಗೆ ಕೊನೆಯ ಕಡತದ ಸಮಯ ನೋಡಿ ತಿಳಿಯಿತು. ಅಷ್ಟರ ಮಟ್ಟಿಗೆ ಲೆಕ್ಕ ಒಪ್ಪಿತ್ತು. ಆದರೆ 46 ಜಿಬಿ ಜಿಪ್‌ಗಳನ್ನು ಬಿಚ್ಚಲು ಇನ್ನೂ 46 ಜಿಬಿ ಖಾಲಿ ಜಾಗ ಬೇಕು, ಅವರ ಡಿಸ್ಕಿನಲ್ಲಿ ಉಳಿದದ್ದು 14. ಹಾಗಾಗಿ ಒಂದು ಜಿಪ್ ಬಿಚ್ಚಿ, ಫೋಟೊಗಳು ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ, ಆ ಜಿಪ್ ಅಳಿಸಿ, ಮುಂದಿನದಕ್ಕೆ ಹೋಗಬೇಕಾಯಿತು. ಇಪ್ಪತ್ಮೂರು ಸಲ. ಅದಕ್ಕೆ ಹಿಡಿದ ಒಂದು ಗಂಟೆ ಇಪ್ಪತ್ತು ನಿಮಿಷ ನನ್ನ ಅಂದಾಜಿನಲ್ಲಿ ಇರಲಿಲ್ಲ.